ನಿಂಬೆಹಣ್ಣಿನ ಬೋಣಿ

ಸೇತುವೆ ದಾಟುವ ಪ್ರತಿ ಮೋಟಾರು ಗಾಡಿಗೂ ದಟ್ಟಣೆ ಶುಲ್ಕ ಎಂದು ಬೋರ್ಡು ಬಿದ್ದ ದಿನವೇ ಶಾಲೆಯ ವ್ಯಾನಿನವನು ಕೈ ಎತ್ತಿಬಿಟ್ಟ. ಮಕ್ಕಳನ್ನು ಸೇತುವೆಯ ಈಚೆಗೇ ಇಳಿಸುತ್ತಾನಂತೆ, ಉಳಿದ ಒಂದು ಮೈಲಿ ನಡೆದು ಹೋಗಬೇಕಂತೆ! ಬೇರೆ ಮಕ್ಕಳು ಕುಣಿಯುತ್ತ ಹೋದವು. ನನ್ನ ತಂಗಿಯ ಮಗಳಿಗೆ ಒಂದು ಕಾಲಿನಲ್ಲಿ ಶಕ್ತಿಯಿಲ್ಲ, ಬಾಯಿಯಲ್ಲಿ ಮಾತ್ರ ಇಬ್ಬರಿಗಾಗುವಷ್ಟಿದೆ. ಅದಕ್ಕೇ ನಾನು ಅವಳನ್ನು ಮೆಣಸಿನಕಾಯಿ ಅನ್ನುವುದು.

"ಶಾಲೆ ಬಿಡಿಸ್ತೀನಿ ಅಣ್ಣ, ಬೇರೆ ದಾರಿ ಇಲ್ಲ," ಎಂದು ತಂಗಿ ಕಣ್ಣೊರೆಸಿಕೊಂಡಳು. ಅವಳಿಗೆ ಬೆಳಿಗ್ಗೆ ಆರಕ್ಕೇ ಕಾರ್ಖಾನೆಯ ಪಾಳಿ.

ನನಗೆ ಮೈಯೆಲ್ಲ ಉರಿಯಿತು. "ಬಾಯ್ಮುಚ್ಚು! ನನ್ನ ತರಕಾರಿ ಗಾಡಿಗೆ ಮೋಟಾರಿದೆಯಾ? ತಳ್ಳೋನು ನಾನು. ನನಗ್ಯಾವನು ಶುಲ್ಕ ಹಾಕ್ತಾನೆ?"

ಹೀಗೆ ಟೊಮೇಟೊ ಬುಟ್ಟಿಗೂ ಸೊಪ್ಪಿನ ಕಟ್ಟುಗಳಿಗೂ ನಡುವೆ ಮೆಣಸಿನಕಾಯಿ ಮಹಾರಾಣಿಯ ಹಾಗೆ ಕೂತಳು. ಆದರೆ ನನ್ನದೊಂದು ಹಟವಿತ್ತು: ಬೋಣಿಯಾಗದೆ ಗಾಡಿ ನಮ್ಮ ಬೀದಿ ಬಿಡುವುದಿಲ್ಲ. ಮೂವತ್ತು ವರ್ಷದಿಂದ ಬಿಟ್ಟಿಲ್ಲ. ಮೊದಲ ಗಿರಾಕಿ ಬರುವುದೋ ಎಂಟೂವರೆಗೆ, ಶಾಲೆಯ ಗಂಟೆಯೂ ಎಂಟೂವರೆಗೇ. ಮೊದಲ ದಿನವೇ ತಡವಾಗಿ ಅವಳು ತರಗತಿಯ ಹೊರಗೆ ನಿಂತಳು.

ಮರುದಿನ ಗಾಡಿ ಹತ್ತಿದವಳೇ ಗಿರಾಕಿಯ ಗತ್ತಿನಲ್ಲಿ ಒಂದು ನಾಣ್ಯ ಚಾಚಿದಳು. "ಒಂದು ನಿಂಬೆಹಣ್ಣು ಕೊಡಿ ಮಾವ. ಒಣಗಿದ್ದು ಕೊಟ್ರೆ ತಗೊಳಲ್ಲ."

ಎಲಾ ಇವಳ! ನಾನು ಚಾಪೆ ಕೆಳಗೆ ತೂರಿದರೆ ಇವಳು ರಂಗೋಲಿ ಕೆಳಗೆ ತೂರುತ್ತಾಳೆ. ಅಂದಿನಿಂದ ದಿನಾ ನಿಂಬೆಹಣ್ಣಿನ ಬೋಣಿ. ಮನೆಯಲ್ಲಿ ಬಿದ್ದ ನಿಂಬೆಹಣ್ಣಿನ ರಾಶಿ ನೋಡಿ ತಂಗಿ ತಲೆ ಚಚ್ಚಿಕೊಂಡಳು.

ವಾರ್ಷಿಕ ಪರೀಕ್ಷೆಯ ಬೆಳಿಗ್ಗೆ ಮೆಣಸಿನಕಾಯಿ ಜೇಬು ತಡಕಿದಳು, ಚೀಲ ಸುರುವಿದಳು. ಪೆನ್ಸಿಲು ಬಿತ್ತು, ರಬ್ಬರು ಬಿತ್ತು, ನಾಣ್ಯ ಬೀಳಲಿಲ್ಲ. ನಾನೇ ಕೊಡೋಣವೆಂದರೆ, ನನ್ನ ಕಾಸು ನನಗೇ ಬೋಣಿಯಾಗುತ್ತದೆಯೇ? ಬೀದಿ ಖಾಲಿ. ತಡವಾಗಿ ಬಂದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ, ಕೂರದಿದ್ದರೆ ವರ್ಷವೇ ಹೋಯಿತು. ಮೆಣಸಿನಕಾಯಿ ಪೆನ್ಸಿಲನ್ನೂ ರಬ್ಬರನ್ನೂ ಮತ್ತೆ ಚೀಲಕ್ಕೆ ತುಂಬಿ ನನ್ನ ಮುಖ ನೋಡಿದಳು.

ಗಾಡಿ ತಳ್ಳಿಯೇಬಿಟ್ಟೆ.

"ಮಾವ, ಇನ್ನೂ ಬೋಣಿ ಆಗಿಲ್ಲ!"

"ಆಯ್ತಲ್ಲೇ, ನೀನು ಹತ್ತಿ ಕೂತಾಗಲೇ ಆಯ್ತು. ಗಟ್ಟಿಯಾಗಿ ಹಿಡ್ಕೋ, ಇವತ್ತು ಗಾಡಿ ಓಡುತ್ತೆ."