ಉಂಬಳ ಕುಡಿಯದ ನೀರು

ನಿಲ್ಕುಂದದಲ್ಲಿ ಹೊನ್ನಿಯನ್ನು ಹೊನ್ನಿ ಎಂದು ಕರೆಯುವವರೇ ಉಳಿದಿರಲಿಲ್ಲ. ಆನೆಕಾಲಿನವಳು ಎಂದರೆ ಸಾಕು, ಮನೆ ತೋರಿಸುತ್ತಿದ್ದರು. ಒಂದು ಕಾಲದಲ್ಲಿ ಅಡಿಕೆ ಸುಲಿಯಲು ಅವಳಷ್ಟು ಚುರುಕಾದ ಕೈ ಊರಲ್ಲೇ ಇರಲಿಲ್ಲ. ಆದರೆ ಸುಲಿಯಬೇಕೆಂದರೆ ಮೆಟ್ಟುಗತ್ತಿಯ ಹಲಗೆಯನ್ನು ಕಾಲಡಿ ಒತ್ತಿ ಹಿಡಿದು ಕೂರಬೇಕು. ಮಡಚಲು ಬಾರದ ಕಾಲಿನವಳು ಕೂರುವುದಾದರೂ ಹೇಗೆ? ಸುಲಿಯುವ ಹೆಂಗಸರ ಸಾಲಿನಿಂದ ಎದ್ದವಳು ಮತ್ತೆ ಕೂರಲಿಲ್ಲ. ಬಾ ಎಂದು ಯಾರೂ ಕರೆಯಲೂ ಇಲ್ಲ.

ಹನ್ನೊಂದು ವರ್ಷದ ಹಿಂದೆ ಪಾದದ ಗಂಟಿನ ಸುತ್ತ ಸ್ವಲ್ಪ ಬಾತಿತ್ತು, ಅಷ್ಟೇ. ಗಂಡ ಕೆರಿಯಪ್ಪ ತೆಂಗಿನ ಕರಟದ ತುಂಬ ಉಂಬಳ, ಎಂದರೆ ರಕ್ತ ಹೀರುವ ಜಿಗಣೆ, ಹಿಡಿದು ತಂದಿದ್ದ. "ಕೆಟ್ಟ ರಕ್ತ ಅದು. ಇವು ಕುಡದ್ರೆ ಇಳೀತದೆ" ಎಂದು ಕಾಲಿಗೆ ಕಚ್ಚಿಸಿದ. ಮೂರು ಮಳೆಗಾಲ ಅದೇ ಮದ್ದು. ಕಚ್ಚಿದ ಗಾಯ ಕೀವಾಗಿ, ಚಳಿಜ್ವರ ಬಂದು, ಪ್ರತಿ ಸಲವೂ ಕಾಲು ಇನ್ನಷ್ಟು ದಪ್ಪಗಾಯಿತು. ಉಂಬಳಗಳು ಹೊಟ್ಟೆ ತುಂಬಿಸಿಕೊಂಡು ಉದುರಿದವು. ಹೊನ್ನಿಯ ಕಾಲು ಮಾತ್ರ ಕೆಲಸಕ್ಕೆ ಬಾರದ್ದಾಯಿತು.

ಈ ಆಷಾಢದಲ್ಲಿ ಮಗಳು ಕಾವ್ಯಶ್ರೀಯ ಬಲಗಾಲು ಬಾತಿತು. ಸಿದ್ದಾಪುರದ ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೊರಟವಳಿಗೆ ಚಪ್ಪಲಿಯ ಪಟ್ಟಿ ಹತ್ತಲಿಲ್ಲ. ಆಷಾಢ ಕಳೆದ ಮೇಲೆ ದಾಸನಕೊಪ್ಪದಿಂದ ಹೆಣ್ಣು ನೋಡಲು ಬರುವವರಿದ್ದರು.

"ಯಾರಿಗೂ ಹೇಳೂದು ಬ್ಯಾಡ" ಎಂದ ಕೆರಿಯಪ್ಪ. ಮರುದಿನ ಬೆಳಿಗ್ಗೆ ಕರಟ ಹಿಡಿದು ಬಂದ.

ಹೊನ್ನಿ ಎದ್ದಳು. ಉಪ್ಪಿನ ಭರಣಿಯಿಂದ ಹಿಡಿ ಉಪ್ಪು ತಂದು ಕರಟಕ್ಕೇ ಸುರಿದಳು.

"ನನ್ನ ಕಾಲು ತಿಂದಿದ್ದು ಸಾಕಾಗ್ಲಿಲ್ವಾ ಇವಕ್ಕೆ? ಅನುಶ್ರೀನ ಕರೀರಿ. ಇಲ್ಲದಿದ್ರೆ ನಾನೇ ಈ ಕಾಲು ಎಳ್ಕಂಡು ಹೋಗ್ತೆ."

ಅನುಶ್ರೀ ಊರಿನ ಆಶಾ ಕಾರ್ಯಕರ್ತೆ. ಬಂದು ಕಾವ್ಯಶ್ರೀಯ ಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿತ್ತು.

"ಇದು ಕೆಟ್ಟ ರಕ್ತ ಅಲ್ಲ ಮಾವ. ಮೈಯೊಳಗಿನ ನೀರು ಹರಿಯೋ ನಾಳ ಕಟ್ಟಿರ್ಬೇಕು, ಅದಕ್ಕೇ ನೀರು ನಿಂತದೆ. ಉಂಬಳ ಕುಡಿಯೂದು ರಕ್ತ, ಈ ನೀರಲ್ಲ. ದೊಡ್ಡಾಸ್ಪತ್ರೇಲಿ ತೋರಿಸಿದ್ರೆ, ಬೇಕಾದ್ರೆ ಆಪರೇಶನ್ ಮಾಡ್ತಾರೆ."

"ಆಪರೇಶನ್ ಅಂದ್ರೆ ಕಾಲು ಕತ್ತರಿಸ್ತಾರೆ. ಗಂಡಿನೋರಿಗೆ ಗೊತ್ತಾದ್ರೆ ಎಂತ ಹೇಳೂದು?" ಎಂದ ಕೆರಿಯಪ್ಪ.

"ಯಾರೂ ಕತ್ತರಿಸೂದಿಲ್ಲ. ಗದ್ದೇಲಿ ಕಾಲುವೆ ಕಟ್ಕಂಡ್ರೆ ನೀರು ಪಕ್ಕದ ಕಾಲುವೆಗೆ ಬಿಡ್ತ್ರಿ ಅಲ್ವಾ? ಹಂಗೇ ಇದು. ಸೂಕ್ಷ್ಮದರ್ಶಕದಲ್ಲಿ ನೋಡ್ತಾ, ಕೂದಲಿಗಿಂತ ಸಣ್ಣ ದಾರದಲ್ಲಿ ಆ ನಾಳಾನ ರಕ್ತನಾಳಕ್ಕೆ ಹೊಲೀತಾರೆ. ಬೇಗ ಹೋದಷ್ಟೂ ಗುಣ ಜಾಸ್ತಿ."

ಹೊಲಿಗೆ ಎಂದದ್ದೇ ಕಾವ್ಯಶ್ರೀ ಮೊದಲ ಸಲ ತಲೆ ಎತ್ತಿದಳು. "ನಾ ಹೋಗ್ತೆ" ಎಂದಳು.

ದೊಡ್ಡಾಸ್ಪತ್ರೆಯಲ್ಲಿ ಆನೆಕಾಲಿನ ಹುಳು ಇದೆಯೇ ಎಂದು ರಕ್ತ ನೋಡಿದರು, ಮಾತ್ರೆ ಕೊಟ್ಟರು, ಕಾಲಿಗೆ ಬಿಗಿಯಾದ ಪಟ್ಟಿ ಸುತ್ತಿದರು. ಆಮೇಲೆ ಶಸ್ತ್ರಚಿಕಿತ್ಸೆ. ಕೆಲವು ತಿಂಗಳಲ್ಲಿ ಬಾವು ಬಹಳಷ್ಟು ಇಳಿದು ಚಪ್ಪಲಿಯ ಪಟ್ಟಿ ಹತ್ತಿತು. ಬಿಗಿಯಾದ ಕಾಲುಚೀಲ ಬಿಡಬಾರದು, ಗಾಯ ಆಗಗೊಡಬಾರದು ಎಂದರು.

ಅದನ್ನು ನೋಡಿ ಕೆರಿಯಪ್ಪ ಡಾಕ್ಟರಮ್ಮನಿಗೆ ಕೈ ಮುಗಿದ. "ನಮ್ಮನೆಯೋಳಿಗೂ ಅದೇ ಮಾಡಿ ಅಮ್ಮ."

ಅವರು ಹೊನ್ನಿಯ ಕಾಲನ್ನು ಒತ್ತಿದರು. ಗುಳಿ ಬೀಳಲಿಲ್ಲ.

"ಒಳಗೆಲ್ಲ ಗಟ್ಟಿಯಾಗಿದೆ. ಈಗ ಆ ಹೊಲಿಗೆಯಿಂದ ಹೆಚ್ಚು ಫಲ ಸಿಗುವುದಿಲ್ಲ. ದಿನವೂ ಸೋಪು ಹಾಕಿ ತೊಳೆದು ಒರೆಸಿ, ಪಟ್ಟಿ ಸುತ್ತಿ. ಜ್ವರ ಬರುವುದಾದರೂ ಕಡಿಮೆಯಾದೀತು. ಹತ್ತು ವರ್ಷ ಮೊದಲು ಬಂದಿದ್ದರೆ..."

ಉಳಿದದ್ದನ್ನು ಯಾರೂ ಹೇಳಬೇಕಿರಲಿಲ್ಲ. ಬಸ್ಸಿನಲ್ಲಿ ಕೆರಿಯಪ್ಪ ಮುಖ ಮುಚ್ಚಿಕೊಂಡು ಅತ್ತ. ಅವನನ್ನು ಸಮಾಧಾನ ಮಾಡುವ ಮನಸ್ಸು ಹೊನ್ನಿಗೆ ಬರಲಿಲ್ಲ. ಆ ಮೂರು ಮಳೆಗಾಲ ಅವಳು ಅತ್ತಾಗ ಅವನು ಕರಟ ಹುಡುಕುತ್ತಿದ್ದ.

ದಾಸನಕೊಪ್ಪದವರು ವಿಷಯ ತಿಳಿದು ಬರಲೇ ಇಲ್ಲ. "ಬರದಿದ್ರೆ ಬ್ಯಾಡ. ಮಗಳ ಕಾಲು ಉಳೀತು" ಎಂದಳು ಹೊನ್ನಿ. ಈಗ ಕೆರಿಯಪ್ಪನೇ ದಿನವೂ ಅವಳ ಕಾಲು ತೊಳೆದು, ಬೆರಳ ಸಂದಿಯನ್ನೂ ಒರೆಸುತ್ತಾನೆ. ಹೊನ್ನಿ ಕಾಲು ಚಾಚುತ್ತಾಳೆ.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಮನೆಯಲ್ಲಿ ಯಾರ ಕಾಲಾದರೂ ಬಾತಿದೆಯೇ ಎಂದು ಇವತ್ತೇ ನೋಡಿ. ಬಾತಿದ್ದರೆ ಉಂಬಳ ಬೇಡ, ಬರೆ ಬೇಡ, ಮುಚ್ಚಿಡುವುದಂತೂ ಬೇಡವೇ ಬೇಡ. ಆಶಾ ಕಾರ್ಯಕರ್ತೆಗೆ ಹೇಳಿ, ಡಾಕ್ಟರಿಗೆ ತೋರಿಸಿ. ಹೊನ್ನಿಯ ಮೆಟ್ಟುಗತ್ತಿ ತುಕ್ಕು ಹಿಡಿದು ಅಟ್ಟದ ಮೇಲೆ ಬಿದ್ದಿದೆ. ನಿಮ್ಮ ಮನೆಯದು ಅಲ್ಲಿಗೆ ಏರದಿರಲಿ.