ಬಾಗಿಲಿನ ಕಣ್ಣು

ಮುಂದೆ ನಿಂತಿರುವ ಮುದುಕರ ಕಾಲರು ಒಂದು ಕಡೆ ಮಡಚಿಕೊಂಡಿದೆ, ಸರಿ ಮಾಡಲೇ ಎಂದು ಕೈ ಏಳುತ್ತದೆ, ಬೇಡ, ಅವರಾದ ಮೇಲೆ ಮೈಕು ನನ್ನದು, ಕ್ಯಾಮೆರಾ ಕಂಪನಿಯ ಷೇರುದಾರರ ಸಭೆಯಲ್ಲಿ ಕೊನೆಯ ನಿರ್ಣಯವೂ ನನ್ನದು — ಬಾಗಿಲಿನ ಕ್ಯಾಮೆರಾ ಯಾರ ಹೆಸರಿನಲ್ಲೇ ಇರಲಿ, ಆ ಮನೆಯಲ್ಲಿ ಬಾಳುವವರು ಬೇಡವೆಂದ ಕೂಡಲೇ ಕಂಪನಿ ಅದರ ಚಿತ್ರಗಳನ್ನು ಅಳಿಸಬೇಕು — ಅಷ್ಟೇ, ಅಪ್ಪ ಬಿಟ್ಟುಹೋದ ನಾಲ್ಕು ಷೇರಿಗೆ ಎಷ್ಟು ದೊಡ್ಡ ಬಾಯಿ ನೋಡು ಎಂದು ಹಿಂದೆ ಯಾರೋ ನಕ್ಕರು, ನಗಲಿ, ನಗುವವರ ಮುಂದೆ ಎಡವಬಾರದು, ದೇವರೇ, ನಾಲಿಗೆ ತೊದಲದಂತೆ ನೋಡಿಕೋ. ಗಂಡನ ಮನೆ ಬಿಟ್ಟು ಬರುವಾಗ ತಂಗಿ ತಂದದ್ದು ಒಂದು ಪೆಟ್ಟಿಗೆ ಬಟ್ಟೆ, ಕುಕ್ಕರು, ಮತ್ತೆ ಆ ಕ್ಯಾಮೆರಾ, ಒಂಟಿ ಹೆಂಗಸು, ಜೋಪಾನಕ್ಕಿರಲಿ ಎಂದು ಸ್ಕ್ರೂ ಬಿಚ್ಚಿ ತಂದು ಹೊಸ ಬಾಗಿಲಿಗೆ ಬಿಗಿದಳು, ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು, ಅದರ ಖಾತೆ ಗಂಡನ ಹೆಸರಿನಲ್ಲೇ ಇತ್ತು, ಒಂದು ಸಂಜೆ ಬಾಗಿಲೇ ಅವನ ದನಿಯಲ್ಲಿ ಮಾತಾಡಿತು, ಯಾಕೆ ಲೇಟು, ನಿನ್ನೆ ಬಂದವನು ಯಾರು — ಅಜ್ಜಿಯ ಕಥೆಗಳಲ್ಲಿ ಗೋಡೆಗೆ ಕಿವಿ ಇರುತ್ತಿತ್ತು, ಪಾಪ, ಬಾಯಿ ಇರುತ್ತಿರಲಿಲ್ಲ. ಅವತ್ತೇ ಕಿತ್ತು ಹಾಕಿದೆವು, ಚಿತ್ರಗಳು ಮಾತ್ರ ಅವನ ಖಾತೆಯಲ್ಲೇ ಉಳಿದವು, ಕಂಪನಿಯವರದು ಪ್ರತಿಸಲವೂ ಒಂದೇ ಮಾತು, ಖಾತೆದಾರರು ಒಪ್ಪದೆ ಅಳಿಸೋಕೆ ಬರಲ್ಲ ಮೇಡಂ, ಸಿಸ್ಟಮ್ಮಲ್ಲೇ ದಾರಿ ಇಲ್ಲ. ಈಗ, ಸ್ವಲ್ಪ ಹೊತ್ತಿನ ಹಿಂದೆ, ಕಾರಿಡಾರಿನಲ್ಲಿ ಕಂಪನಿಯ ಕಾರ್ಯದರ್ಶಿ ನೀರಿನ ಲೋಟ ಕೈಗಿತ್ತು ಬೆಣ್ಣೆಯಂಥ ದನಿಯಲ್ಲಿ, ನಿರ್ಣಯ ವಾಪಸ್ ತಗೊಂಡ್ಬಿಡಿ ಮೇಡಂ, ನಿಮ್ಮ ತಂಗಿಯವರದ್ದೆಲ್ಲ ಅಳಿಸಿಸ್ತೀನಿ, ಊಟಕ್ಕೆ ಮುಂಚೆ ಮುಗಿಯತ್ತೆ. ತಂಗಿಗೆ ಫೋನು ಮಾಡಿ ಹೇಳಿದರೆ, ಊಟಕ್ಕೆ ಮುಂಚೇನಾ, ಆಮೇಲೆ ನಗು, ಹಾಗಾದ್ರೆ ದಾರಿ ಇದೆ ಅಂತಾಯ್ತಲ್ಲ ಅಕ್ಕಾ, ನಂದು ಇರ್ಲಿ ಬಿಡು, ಇದನ್ನ ಎಲ್ಲರ ಮುಂದೆ ಕೇಳು — ನಾನು ಹ್ಞೂಂ ಅಂದೆ, ಅಂದ ಮೇಲೆ ಮುಗಿಯಿತು. ಮುದುಕರು ಕೂತರು, ಮುಂದಿನವರು ಬನ್ನಿ ಎನ್ನುತ್ತಾರೆ ಅಧ್ಯಕ್ಷರು, ಪಕ್ಕದ ಕಾರ್ಯದರ್ಶಿ ನನ್ನತ್ತ ಮೆಲ್ಲಗೆ ತಲೆಯಾಡಿಸುತ್ತಾರೆ, ಒಪ್ಪಿಗೆ ತಾನೇ ಎಂಬಂತೆ, ಮೈಕನ್ನು ನನ್ನ ಎತ್ತರಕ್ಕೆ ಬಗ್ಗಿಸುತ್ತೇನೆ, ಕೇಳುತ್ತೇನೆ, ಕೇಳಿಯೇ ಬಿಟ್ಟೆ, ಇಷ್ಟು ದಿನ ಆಗಲ್ಲ ಅಂದಿದ್ದು ಊಟಕ್ಕೆ ಮುಂಚೆ ಹೇಗೆ ಆಗತ್ತೆ ಸ್ವಾಮಿ, ನಿರ್ಣಯ ನಾನು ವಾಪಸ್ ತಗೊಳ್ಳಲ್ಲ, ಕಾರ್ಯದರ್ಶಿಯ ಪೆನ್ನು ನಿಂತಿದೆ, ಇನ್ನು ಆ ಚಿತ್ರ ತಂಗಿಯ ಗಂಡನ ಬಳಿಯೇ ಇರುತ್ತದೆ, ನನಗೂ ಕಳಿಸಿದ್ದ, ಕಣ್ಣು ಮುಚ್ಚಿದಾಗಲೆಲ್ಲ ಬರುವ ಅದೇ ಚಿತ್ರ, ಎರಡೂ ಕೈಯಲ್ಲಿ ತರಕಾರಿ ಚೀಲ ಹಿಡಿದು ಬಾಗಿಲಿಗೆ ಬಂದ ತಂಗಿ, ಯಾರೂ ನೋಡುತ್ತಿಲ್ಲವೆಂದು ನಿರಾಳವಾದ ಮುಖ, ಹಲ್ಲಿನ ನಡುವೆ ಕಚ್ಚಿಕೊಂಡ ಬೀಗದ ಕೈ, ಕಚ್ಚಿಕೊಂಡ ಬೀಗದ ಕೈ, ಬೀಗದ ಕೈ —