ಗೋಡೆಯ ಆಚೆ ಬದಿ

“ಚುಕ್ಕಿ ನೋಡಬೇಡಿ, ಜಿಂಕೆ ನೋಡಿ,” ಅಂದ ಗ್ಲೆನ್.

ವತ್ಸಲಾ ಜಿಂಕೆಯನ್ನೇ ನೋಡುತ್ತಿದ್ದಳು. ಇಟಾಸ್ಕಾದ ಆ ಬಂದೂಕಿನ ಅಂಗಡಿಯ ಗೋಡೆಗೆ ಕೊಂಬಿನ ಸಮೇತ ತೂಗುಹಾಕಿದ್ದ ಅದರ ತಲೆ, ಬಂದ ಗಿರಾಕಿಗಳೆಲ್ಲ ತನ್ನ ಮೇಲೇ ಗುರಿಯಿಟ್ಟು ನೋಡಿದ್ದರಿಂದ ಬೇಸತ್ತಂತಿತ್ತು. ಅವಳ ಕೈಯಲ್ಲಿದ್ದದ್ದು ಅಂಗಡಿಯ ನಮೂನೆ ಪಿಸ್ತೂಲು. ಒಳಗೆ ಗುಂಡಿಲ್ಲವೆಂದು ಗ್ಲೆನ್ ಎರಡು ಸಲ ತೆರೆದು ತೋರಿಸಿ ಕೊಟ್ಟಿದ್ದ. ಅದರ ಬೆನ್ನ ಮೇಲೆ ಅವಳು ಕೊಳ್ಳಬಂದಿದ್ದ ಸೈಟು, ಗುರಿ ಹಿಡಿಯುವ ಸಾಧನ: ಹೆಬ್ಬೆರಳ ಉಗುರಿನಷ್ಟು ದೊಡ್ಡ ಗಾಜಿನ ಕಿಟಕಿ, ಕಿಟಕಿಯೊಳಗೊಂದು ಕೆಂಪು ಚುಕ್ಕಿ. ನೋಡುತ್ತ ನೋಡುತ್ತ ಚುಕ್ಕಿ ಗಾಜು ಬಿಟ್ಟು ಹೋಗಿ ಜಿಂಕೆಯ ಮೂಗಿನ ಮೇಲೆ ಕೂತಿತು.

“ಎರಡೂ ಕಣ್ಣು ತೆರೆದೇ ಇದ್ದಾವೆ!” ಗ್ಲೆನ್ ಬೆರಗಾದ. “ಎಲ್ಲರೂ ಸಿನಿಮಾ ನೋಡಿ ಒಂದು ಕಣ್ಣು ಮುಚ್ಚುತ್ತಾರೆ. ಆ ಚಟ ಬಿಡಿಸೋದೇ ನನಗೆ ದೊಡ್ಡ ಕೆಲಸ. ನೀವೆಲ್ಲಿ ಕಲಿತಿರಿ?”

“ಹುಬ್ಬಳ್ಳಿಯಲ್ಲಿ.”

ಅದು ಯಾವುದೋ ಸೈನ್ಯದ ಶಿಬಿರವಿರಬೇಕೆಂದುಕೊಂಡು ಗ್ಲೆನ್ ಗೌರವದಿಂದ ತಲೆಯಾಡಿಸಿದ.

ಕಲಿತದ್ದು ಮೆಡಿಕಲ್ ಕಾಲೇಜಿನ ಪೆಥಾಲಜಿ ಲ್ಯಾಬಿನಲ್ಲಿ, ಒಂದೇ ಕೊಳವೆಯ ಹಳೇ ಮೈಕ್ರೊಸ್ಕೋಪಿನ ಮುಂದೆ. “ಒಂದ ಕಣ್ಣ ಮುಚ್ಚಿದ್ರ ಸಂಜೀಕ ತಲಿನೋವು ಬರ್ತದವಾ,” ಎಂದಿದ್ದರು ಮೇಡಂ. “ಎರಡೂ ತಗದಿಡು. ಬ್ಯಾಡಾದ್ದು ಕಾಣದಂಗ ನೋಡೂದು ಕಲಿ.” ಈ ವಿದ್ಯೆ ಅವಳಿಗೆ ಮೈಕ್ರೊಸ್ಕೋಪಿನ ಆಚೆಗೂ ಸಾಕಷ್ಟು ಉಪಯೋಗಕ್ಕೆ ಬಂದಿತ್ತು.

ಫೋನು ಬಡಿದುಕೊಂಡಿತು. ವಿಡಿಯೋ ಕಾಲ್, ಡಿಯರ್‌ಬಾರ್ನ್‌ನಿಂದ ಗಂಡ ಚಂದ್ರಶೇಖರ. ಶನಿವಾರವಾದರೂ ಕೊರಳಲ್ಲಿ ಕಂಪನಿಯ ಬ್ಯಾಡ್ಜಿತ್ತು.

“ತಗೊಂಡಿಲ್ಲಲ್ಲ ಇನ್ನೂ?”

“ಇಲ್ರಿ. ನೀವು ನೋಡದ ಹ್ಯಾಂಗ ತಗೋಲಿ?”

“ಎದುರಿಗೆ ಹಿಡಿ. ಹಾಂ... ಇದು ಓಪನ್ ಅದ. ಬ್ಯಾಡ. ಚುಕ್ಕಿ ಬಿಡೂ ದೀಪಕ್ಕೂ ಗಾಜಿಗೂ ನಡುವ ಏನರ ಬಿದ್ರ ಮುಗೀತು, ಚುಕ್ಕಿ ಇಲ್ಲ. ನಿನ್ನ ಪರ್ಸಿನ್ಯಾಗ ಬಡೇಸೋಪು ಚೆಲ್ಲಿರ್ತದ. ಕ್ಲೋಸ್ಡ್ ತಗೋ.”

ವತ್ಸಲಾಳ ಪರ್ಸಿನಲ್ಲಿ ಬಡೇಸೋಪು ಚೆಲ್ಲಿರುವುದು ನಿಜ. ಅದು ಅವನ ನೆನಪಿನಲ್ಲಿರುವುದು ಸುದ್ದಿ.

“ನಿಮ್ಮ ಯಜಮಾನರಿಗೆ ಚೆನ್ನಾಗಿ ಗೊತ್ತಿದೆ,” ಎಂದ ಗ್ಲೆನ್. ಭಾಷೆ ತಿಳಿಯದಿದ್ದರೂ ‘ಓಪನ್’, ‘ಕ್ಲೋಸ್ಡ್’ ಅವನ ಕಿವಿಗೆ ಬಿದ್ದಿದ್ದವು.

ಗೊತ್ತಿರಲೇಬೇಕು. ಕಾರು ಓಡಿಸುವವರ ಕಣ್ಣೆದುರಿಗೆ, ಮುಂದಿನ ಗಾಜಿನ ಆಚೆ, ವೇಗದ ಅಂಕಿಗಳು ಗಾಳಿಯಲ್ಲಿ ತೇಲುವಂತೆ ಮಾಡುವುದೇ ಅವನ ಕೆಲಸ. ಕೆಲಸ ನಾಲ್ಕೈದು ತಾಸಿನ ದಾರಿಯ ಡಿಯರ್‌ಬಾರ್ನ್‌ಗೆ ಹೋದಾಗ ಅವನೂ ಹೋದ. ಅವಳು ಕೆಲಸ ಮಾಡುವ ಆಸ್ಪತ್ರೆ ಇಲ್ಲಿತ್ತು, ಅವಳು ವೆಸ್ಟ್‌ಮಂಟಿನ ಮನೆಯಲ್ಲಿ ಉಳಿದಳು. ಮೊದಲು ಪ್ರತಿ ಶುಕ್ರವಾರ ಬರುತ್ತಿದ್ದ. ಆಮೇಲೆ ಲಾಂಗ್ ವೀಕೆಂಡಿಗೆ ಮಾತ್ರ ಬಂದ. ಆಮೇಲೆ ನಡುವಿನ ಹೆದ್ದಾರಿ ಐ-94ರಲ್ಲಿ ರಸ್ತೆ ಕೆಲಸ ಶುರುವಾಯಿತು. ಅಷ್ಟು ದೀರ್ಘಕಾಲ ನಡೆದ ರಸ್ತೆ ಕೆಲಸವನ್ನು ಅವಳು ಕೇಳಿರಲಿಲ್ಲ. ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ರಾಜಿಗಾದರೂ ಒಂದು ದಾರಿ ಇರುತ್ತಿತ್ತು. ವಾರದ ಫೋನಿನಲ್ಲಿ ಮಾರ್ಟ್‌ಗೇಜು, ಸಿಯಾಟಲ್‌ನಲ್ಲಿರುವ ಮಗಳು ಐಶ್ವರ್ಯ, ಎರಡೂ ಊರಿನ ಹವೆ, ಇಷ್ಟು ಮುಗಿಯುತ್ತಲೇ “ಮತ್ತ?” ಎನ್ನುತ್ತಿದ್ದ. ಆ ‘ಮತ್ತ’ದ ನಂತರ ಮತ್ತೇನೂ ಇರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ, ಹವೆ ಮುಗಿದ ಮೇಲೆ, ಅವಳು ಹೇಳಿದ್ದಳು: “ನಾ ಒಂದು ಪಿಸ್ತೂಲ ತಗೊಂಡೀನ್ರಿ. ಲೈಸೆನ್ಸೂ ಬಂತು.”

ಅವನು ಯಾಕೆ ಎಂದು ಕೇಳುತ್ತಾನೆಂದು ಅವಳು ಸಿದ್ಧವಾಗಿದ್ದಳು. ಕಾರಣಗಳೇನೋ ಬೇಕಾದಷ್ಟಿದ್ದವು. ಲೈಸೆನ್ಸಿನ ಕ್ಲಾಸಿನವರಿಗೆ ಆಸ್ಪತ್ರೆಯ ಪಾರ್ಕಿಂಗ್ ಲಾಟಿನ ಕತ್ತಲು ಎಂದಿದ್ದಳು, ಮಗಳಿಗೆ ತಮ್ಮ ಬಡಾವಣೆಯಲ್ಲಿ ಕಳ್ಳತನವಾಯಿತು ಎಂದಿದ್ದಳು, ಮಗಳು “ಅಮ್ಮಾ, ಸೀರಿಯಸ್ಲೀ?” ಎಂದಷ್ಟೇ ಮೆಸೇಜ್ ಹಾಕಿದ್ದಳು. ಅವನಿಗೆಂದು ಇಟ್ಟುಕೊಂಡಿದ್ದದ್ದು ಬೇರೆ. ಪಕ್ಕದ ಮನೆಯ ಗರಾಜ್ ಬಾಗಿಲು ಏರಿದಾಗ ತಮ್ಮದೇ ಏರಿದಂತೆ ಕೇಳುತ್ತದೆ, ಕೈ ತಾನಾಗಿಯೇ ಚಹಾಕ್ಕೆ ಇನ್ನೊಂದು ಕಪ್ ನೀರು ಸೇರಿಸುತ್ತದೆ, ಯಾರೂ ಬರುವುದಿಲ್ಲ, ಹೆದರಿಕೆ ಶುರುವಾಗುವುದು ಆಮೇಲೆ.

ಅವನು ಯಾಕೆ ಎಂದು ಕೇಳಲಿಲ್ಲ. “ಸೈಟ್ ಯಾವ್ದು?” ಎಂದು ಕೇಳಿದ.

ಅಲ್ಲಿಂದ ದಿನಾ ಫೋನು. ಚುಕ್ಕಿ ಸಣ್ಣದಿದ್ದರೆ ಒಳ್ಳೆಯದೋ ದೊಡ್ಡದೋ. ಅಲುಗಾಡಿಸದಿದ್ದರೆ ತಾನೇ ಆರಿ, ಮುಟ್ಟಿದರೆ ಹತ್ತಿಕೊಳ್ಳುವ ಜಾತಿ ವಾಸಿಯೋ, ಸದಾ ಉರಿಯುವುದೋ. ಮದುವೆಯ ಹೊಸತರಲ್ಲೂ ಅವನು ಇಷ್ಟು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಹಾಗಾಗಿ ಅವಳು ಸೈಟು ಆರಿಸುವುದನ್ನು ಎಳೆದಳು. ಒಂದು ಶನಿವಾರ ಗಾಜಿಗೆ ನೀಲಿ ಛಾಯೆ ಇದೆ ಎಂದಳು. ಇನ್ನೊಂದು ಶನಿವಾರ ಒತ್ತುವ ಗುಂಡಿ ಗಟ್ಟಿ ಎಂದಳು. ಎರಡಕ್ಕೂ ಅವನು ಗಂಭೀರವಾಗಿ ಉತ್ತರ ಹುಡುಕಿ ತಂದ.

ದಿನಾ ಒಯ್ಯುವ ಪಿಸ್ತೂಲು ಎಂದು ಹೆಸರು, ಒಯ್ಯಲು ಜಾಗವಿರಲಿಲ್ಲ. ಆಸ್ಪತ್ರೆಯೊಳಗೆ ಕಾನೂನು ಬಿಡುವುದಿಲ್ಲ, ರೈಲಿನಲ್ಲಿ ಬಿಡುವುದಿಲ್ಲ, ದೇವಸ್ಥಾನದ ಬಾಗಿಲಿಗೆ ಪಿಸ್ತೂಲಿನ ಮೇಲೆ ಕೆಂಪು ಗೀಟೆಳೆದ ಸ್ಟಿಕರ್ ಅಂಟಿಸಿದ್ದಾರೆ. ಉಳಿದದ್ದು ಇಂಡಿಯನ್ ಕಿರಾಣಿ ಅಂಗಡಿ. ಅಲ್ಲಿ ಮೆಂತ್ಯಸೊಪ್ಪು ಆರಿಸುವವರ ಮೇಲೆ ಯಾರೂ ಏರಿಬಂದ ಉದಾಹರಣೆ ಇಲ್ಲ. ಸುದ್ದಿ ತಿಳಿದ ಮೈಸೂರಿನ ಭಾನು ಕನ್ನಡ ಕೂಟದ ಊಟದಲ್ಲಿ, “ಆಂಟಿ, ಪಾಯಸ ಸಾಕು ಅಂದ್ರೂ ಬಡಿಸ್ತೀರಲ್ಲಾ, ಇನ್ಮೇಲೆ ಬೇಡ ಅನ್ನೋಕೇ ಧೈರ್ಯ ಬರಲ್ಲ ನಮಗೆ,” ಎಂದಿದ್ದಳು. ಎಲ್ಲರೂ ನಕ್ಕಿದ್ದರು, ವತ್ಸಲಾನೂ. ಆದರೆ ಆ ಸಲ ಅವಳ ಎಡಬಲದ ಕುರ್ಚಿಗಳು ತಡವಾಗಿ ತುಂಬಿದ್ದವು.

“ಹಂಗಾರ ಇದನ್ನ ತಗೋಲಿ?” ಅಂಗಡಿಯಲ್ಲಿ ಅವಳು ಕ್ಲೋಸ್ಡ್ ಒಂದನ್ನು ಫೋನಿನ ಎದುರು ಹಿಡಿದಳು. ಬಡೇಸೋಪಿನ ಮಾತು ಅವಳನ್ನು ಸೋಲಿಸಿತ್ತು.

“ಫಸ್ಟ್ ಕ್ಲಾಸ್! ಮುಗೀತಲ್ಲ,” ಎಂದು ಚಂದ್ರಶೇಖರ ಸಮಾಧಾನದಿಂದ ಉಸಿರು ಬಿಟ್ಟ.

ಗ್ಲೆನ್ ಅವಳ ಪಿಸ್ತೂಲಿಗೆ ಅದನ್ನು ಕೂರಿಸಿ, ಕ್ಲಾಸಿನಲ್ಲಿ ಅವಳು ಕೇಳಿದ್ದನ್ನೇ ಅವನೂ ಹೇಳಿದ: ಮನೆಯಲ್ಲಿ ಖಾಲಿ ಪಿಸ್ತೂಲಿನಿಂದ ಗುರಿಯ ಅಭ್ಯಾಸ ಮಾಡುವಾಗ ಗುಂಡುಗಳು ಬೇರೆ ಕೋಣೆಯಲ್ಲಿರಲಿ, ಆಚೆ ಬದಿ ಯಾರೂ ಇಲ್ಲದ ಗೋಡೆಯನ್ನೇ ಆರಿಸಿಕೊಳ್ಳಿ. “ಇಲ್ಲ ಅಂದುಕೊಂಡರೆ ಸಾಲದು. ಎದ್ದು ಹೋಗಿ ನೋಡಿ ಬರಬೇಕು. ಪ್ರತಿ ಸಲ.”

ಮರುದಿನ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗುರುವಾರ ಒಂದು ಮೆಸೇಜ್ ಬಂತು, ಮಾರ್ಟ್‌ಗೇಜಿನ ಬಗ್ಗೆ.

ಶನಿವಾರ ಮಧ್ಯಾಹ್ನ ಅವಳು ಹಾಲ್‌ನ ನಡುವೆ ನಿಂತು ಗೋಡೆಗಳನ್ನು ನೋಡಿದಳು. ಮುಂದಿನ ಗೋಡೆಯಾಚೆ ರಸ್ತೆ. ಹಿಂದಿನದರಾಚೆ ನೆರೆಯವರ ಮಕ್ಕಳು ಒಣ ಎಲೆಗಳನ್ನು ಗುಡ್ಡೆ ಹಾಕಿ ಕುಣಿಯುತ್ತಿದ್ದರು. ಪೂರ್ವದ ಗೋಡೆಯಲ್ಲಿ ದೇವರ ಗೂಡು. ಆಚೆ ಯಾರಿಲ್ಲದಿದ್ದರೂ ಈಚೆಯೇ ಇದ್ದರು. ಉಳಿದದ್ದು ಒಂದು. ಆದರೂ ಫೋನು ಹಚ್ಚಿದಳು.

“ರೀ, ಪ್ರ್ಯಾಕ್ಟೀಸಿಗೆ ಯಾವ ಗ್ವಾಡಿ ಹಿಡೀಲಿ ಅಂತ ಕೇಳೂಣಂತ ಮಾಡಿದೆ. ಆಚೀ ಕಡೆ ಮಂದಿ ಇರಬಾರದಂತ.”

ಅವನ ಕಡೆಯಿಂದ ಕೀಬೋರ್ಡಿನ ಸದ್ದು ಬರುತ್ತಿತ್ತು.

“ನನ್ನ ಸ್ಟಡಿ ರೂಮಿನ ಗ್ವಾಡಿ ಹಿಡಿ,” ಎಂದ ಅವನು, ಲೆಕ್ಕ ಥಟ್ಟನೆ ಬಿಡಿಸಿದವನ ಉತ್ಸಾಹದಲ್ಲಿ. “ಅದರ ಆಚೆ ಯಾರೂ ಇರೂದಿಲ್ಲಲ್ಲ.”

“ಥ್ಯಾಂಕ್ಸ್‌ಗಿವಿಂಗ್ ಸೂಟ್ಯಾಗೂ?”

ಕೀಬೋರ್ಡು ನಿಂತಿತು.

“ಆಗೂ ಅದ ನಡೀತದ. ಸೈಟಿನ ಬ್ಯಾಟರಿ ಮಾತ್ರ ವರ್ಷಕ್ಕೊಮ್ಮೆ ಬದಲಸು. ಹುಟ್ಟಿದ ಹಬ್ಬದ ದಿನ ಅಂತ ಇಟ್ಕೊಂಡ್ರ ಮರಿಯೂದಿಲ್ಲ.”

“ಯಾರ ಹುಟ್ಟಿದ ಹಬ್ಬ?”

“ಯಾರದರ.” ಕೀಬೋರ್ಡು ಮತ್ತೆ ಶುರುವಾಯಿತು. “ಮತ್ತ?”

“ಏನಿಲ್ಲ. ಇಡ್ತೀನ್ರಿ.”

ಅವಳು ಗುಂಡಿನ ಡಬ್ಬಿಯನ್ನು ಮಹಡಿಯ ಮೇಲೆ ಮಗಳ ಕೋಣೆಯಲ್ಲಿಟ್ಟು ಬಂದಳು. ಪಿಸ್ತೂಲನ್ನು ತೆರೆದು, ಖಾಲಿಯಿದೆಯೆಂದು ಎರಡು ಸಲ ನೋಡಿ, ಊಟದ ಮೇಜಿನ ಮೇಲಿಟ್ಟಳು. ಗಾಜಿನಲ್ಲಿ ಚುಕ್ಕಿ ಉರಿಯುತ್ತಿತ್ತು. ಗ್ಲೆನ್ ಹೇಳಿದ್ದು ನೆನಪಾಗಿ, ಹಾಲ್ ದಾಟಿ, ಮೂಲೆ ತಿರುಗಿ, ಗೋಡೆಯ ಆಚೆ ಬದಿಗೆ ಹೋದಳು. ಸ್ಟಡಿ ರೂಮಿನ ಬಾಗಿಲು ಮುಚ್ಚಿತ್ತು. ಹಿಡಿಕೆಯ ಮೇಲಿಟ್ಟ ಕೈ ಹಿಂದಕ್ಕೆ ತೆಗೆದುಕೊಂಡು, ಅವನು ಒಳಗೆ ಕೆಲಸ ಮಾಡುತ್ತಿದ್ದಾಗ ಬಡಿಯುತ್ತಿದ್ದಂತೆ, ಬೆರಳ ಗೆಣ್ಣಿನಿಂದ ಮೆಲ್ಲಗೆ ಎರಡು ಸಲ ಬಡಿದಳು.

ಬಡಿದು, ಕಾದಳು.